ನಾಲ್ಕು ಪರದೆಗೂ ಒಂದೇ ಮುಚ್ಚಳ

ಊಟಕ್ಕೆ ಕೂತವರ ಫೋನನ್ನು ಕೇಳಿ ತೆಗೆದುಕೊಳ್ಳುವುದು ನನ್ನ ತಂಗಿ ಕಂಡುಕೊಂಡ ಉಪಾಯ. ತೋಡೂರಿನ ಹತ್ತಿರ ಹೆದ್ದಾರಿಯ ಬದಿಗೆ ನಮ್ಮ ಖಾನಾವಳಿ ಇದೆ. ಮಧ್ಯಾಹ್ನ ಒಮ್ಮೆ ಬೆಂಚು ತುಂಬಿದರೆ ಮೂರು ಗಂಟೆಯ ತನಕ ಬರಿದಾಗುವುದಿಲ್ಲ. ಮೀನು ತಿನ್ನುವ ಕೈಯಲ್ಲಿ ಯಾರೂ ಫೋನು ಮುಟ್ಟುವುದಿಲ್ಲ ಎನ್ನುವುದು ಅವಳಿಗೆ ಗೊತ್ತು. ಅನ್ನದ ಮೇಲೆ ಸಾರು ಬಿದ್ದ ಕೂಡಲೇ ಮೇಜಿನ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದಳು.

“ಅಣ್ಣಾ, ಕೈ ತೊಳೆಯೋ ತನಕ ಫೋನ್ ಕೊಡ್ತ್ರಾ? ಎಂಥದೂ ಮಾಡುದಿಲ್ಲ. ನನ್ನದೊಂದ್ ಆಪ್ ಹಾಕಿ ನೋಡಿ ತೆಗೀತೆ.”

“ನಡುವೆ ನನ್ ಹೆಂಡ್ತಿ ಫೋನ್ ಬಂದ್ರೆ?”

“ಅಣ್ಣ ಎರಡ್ನೇ ಸಲ ಅನ್ನ ಹಾಕ್ಸ್ಕಂತಿದ್ರು ಅಂತ ಹೇಳ್ತೆ.”

ಅವರು ನಗುತ್ತ ಕೊಡುತ್ತಿದ್ದರು. ನೌಕಾನೆಲೆಯ ಕಾಮಗಾರಿಗೆ ಬಂದ ಗುತ್ತಿಗೆ ಕೆಲಸದವರು, ಲಾರಿಯವರು, ಗೋವಾದ ಕಡೆಯಿಂದ ಕಾರಿನಲ್ಲಿ ಬರುವವರು, ಎಲ್ಲರೂ ಕೊಡುತ್ತಿದ್ದರು. ಫೋನಿನ ಲಾಕ್ ತೆರೆಯುವ ಗುಟ್ಟಿನ ಅಂಕಿಯನ್ನೂ ಹೇಳಿಕೊಡುತ್ತಿದ್ದರು. ಅವಳು ಹಳೆಯದು, ಹೊಸದು, ಗಾಜು ಒಡೆದದ್ದು, ದುಬಾರಿಯದು ಎಲ್ಲವನ್ನೂ ದುಡ್ಡಿನ ಗಲ್ಲೆಯ ಪಕ್ಕದ ಬೆತ್ತದ ಬುಟ್ಟಿಯಲ್ಲಿ ಸಾಲಾಗಿ ಇಟ್ಟುಕೊಂಡು ಒಂದೊಂದನ್ನೇ ಪರೀಕ್ಷೆ ಮಾಡುತ್ತಿದ್ದಳು. ಆ ಬುಟ್ಟಿ ಮೊದಲು ನನ್ನ ಒಣಮೆಣಸಿನದಾಗಿತ್ತು.

ಅದೇ ಜನರ ತಾಟಿಗೆ ವರ್ಷಗಟ್ಟಲೆ ಬಡಿಸಿದವಳು ನಾನು. ಅವರು ನನ್ನ ಸೌಟನ್ನು ನೋಡಿದ್ದಾರೆ, ಸೌಟಿನಲ್ಲಿ ಬರುವ ತುಂಡು ದೊಡ್ಡದೋ ಸಣ್ಣದೋ ನೋಡಿದ್ದಾರೆ. ಮುಖ ನೋಡಿದವರು ಕಡಿಮೆ. ಅವಳು ಬಂದು ನಿಂತರೆ ಮಾತ್ರ ಎಲ್ಲರ ತಲೆಯೂ ಮೇಲೆ ಏಳುತ್ತಿತ್ತು. ಒಳಗೆ ಒಲೆಯ ಹತ್ತಿರ ನಿಂತು ಇದನ್ನು ನೋಡುವಾಗ ನನಗೆ ಆಗುತ್ತಿದ್ದದ್ದು ಏನೆಂದು ಬೇರೆ ಹೆಸರಿಟ್ಟು ಕರೆಯುವುದಿಲ್ಲ. ಅದು ಹೊಟ್ಟೆಕಿಚ್ಚು.

ಆಪಿನ ಕೆಲಸ ಇಷ್ಟೇ: ಇವತ್ತು ಯಾವ ಖಾನಾವಳಿಯಲ್ಲಿ ಯಾವ ಮೀನು ಇದೆ ಎಂದು ತೋರಿಸುವುದು. ನಮ್ಮ ಕಡೆ ಊಟಕ್ಕೆ ಹೊರಟವರು ಮೊದಲು ಕೇಳುವ ಪ್ರಶ್ನೆ ಅದು. ಕಾರವಾರದಿಂದ ಅಂಕೋಲೆಯವರೆಗಿನ ಖಾನಾವಳಿಗಳ ಮಾಲೀಕರು ಒಟ್ಟಾಗಿ ಅವಳಿಗೆ ಈ ಕೆಲಸ ಒಪ್ಪಿಸಿದ್ದರು. ಖಾಯಂ ಆಗಿ ಅಲ್ಲ. ಒಂದು ಭಾನುವಾರ ನಡೆಸಿ ತೋರಿಸಬೇಕು. ಸರಿಯಾದರೆ ಅವಳದು, ಇಲ್ಲವಾದರೆ ಪಣಜಿಯ ಒಂದು ಕಂಪನಿಯದು. ಅವಳು ಹುಬ್ಬಳ್ಳಿಯಲ್ಲಿ ಓದಿ, ಗೋವಾದಲ್ಲಿ ಕೆಲಸ ಮಾಡಿ, ಊರಲ್ಲೇ ಏನಾದರೂ ಮಾಡುತ್ತೇನೆಂದು ತಿರುಗಿ ಬಂದಿದ್ದಳು. ಅಂಕೋಲೆಯಲ್ಲಿ ಬಳೆ ಅಂಗಡಿಯ ಮೇಲಿನ ಕೋಣೆ ಹಿಡಿದು, ಭಾವಿಕೇರಿಯ ಇಬ್ಬರು ಹುಡುಗಿಯರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಳು. ಈ ಕೆಲಸ ತಪ್ಪಿದರೆ ಆ ಕೋಣೆಗೆ ಬೀಗ ಬೀಳುತ್ತದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಬರೆಯಲು ಸುಲಭ.

ನಾನು ಕಲಿತದ್ದು ಏಳನೇ ಇಯತ್ತೆ. ಅಪ್ಪ ಇಲ್ಲದ ಮನೆ. ನಮ್ಮನ್ನು ಹೆತ್ತ ಆಯಿ ಖಾನಾವಳಿ ಶುರುಮಾಡಿದಾಗ ಅರೆಯಲು ಒಂದು ಜೊತೆ ಕೈ ಬೇಕಾಯಿತು, ಮನೆಯಲ್ಲಿ ಇದ್ದದ್ದು ನನ್ನವು. ತಂಗಿ ಆಗ ತೀರ ಸಣ್ಣವಳು. ರುಬ್ಬುಗುಂಡು ಕೈಗೆ ಸಿಗುವಷ್ಟು ಅವಳು ದೊಡ್ಡವಳಾಗುವ ಹೊತ್ತಿಗೆ ಮನೆಗೆ ವಿದ್ಯುತ್ತಿನ ಗ್ರೈಂಡರ್ ಬಂದಿತ್ತು. ಅವಳ ಅದೃಷ್ಟ ಯಾವಾಗಲೂ ಹಾಗೆಯೇ; ಅವಳು ಬರುವ ಮೊದಲೇ ಯಾರಾದರೂ ದಾರಿ ಗುಡಿಸಿಟ್ಟಿರುತ್ತಾರೆ.

ಇನ್ನೊಂದು ಸಣ್ಣ ಸಂಗತಿ ಇದೆ. ಬರೆಯಲು ನಾಚಿಕೆಯಾಗುವಷ್ಟು ಸಣ್ಣದು. ನಮ್ಮ ಮನೆಯಲ್ಲಿ ಇಸ್ವಣದಂಥ ದೊಡ್ಡ ಮೀನು ಮಾಡಿದರೆ ತಲೆ ನನಗೆ, ನಡುತುಂಡು ತಂಗಿಗೆ. ಒಮ್ಮೆ ಅವಳು ನಡುತುಂಡಿಗೆ ಹಟ ಮಾಡಿ ಅತ್ತಾಗ, ಸುಮ್ಮನಾಗಲಿ ಎಂದು ನಾನೇ “ಕೊಡು ಆಯಿ, ನಂಗೆ ತಲೆನೇ ಇಷ್ಟ” ಅಂದಿದ್ದೆ. ಆ ದಿನದಿಂದ ಇವತ್ತಿನ ತನಕ ಆಯಿ ತಲೆ ಹಾಕುತ್ತಲೇ ಬಂದಿದ್ದಾಳೆ. ಮದುವೆಯಾಗಿ ಇದೇ ಮನೆಯ ಪಕ್ಕದಲ್ಲಿ ಸಂಸಾರ ಹೂಡಿದೆ, ಮೀನುಪೇಟೆಯಿಂದ ಮೀನು ತಂದುಕೊಡುವ ಕೆಲಸ ನನ್ನ ಗಂಡನದಾಯಿತು, ತಲೆ ಮಾತ್ರ ನನ್ನ ತಾಟು ಬಿಟ್ಟು ಹೋಗಲಿಲ್ಲ.

ಆಪಿನ ಕೆಲಸ ಅರ್ಧಕ್ಕೆ ಬಂದಿದ್ದಾಗ ಒಂದು ದಿನ ನಾನೇ ಅವಳನ್ನು ಕೇಳಿದ್ದೆ. ಅವಳ ಬುಟ್ಟಿಯಲ್ಲಿ ಆಂಡ್ರಾಯ್ಡ್ ಫೋನುಗಳಿದ್ದವು, ಐಫೋನ್ ಇತ್ತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು, ನಮ್ಮ ಗೋಡೆಗೆ ಅವಳೇ ತಂದು ಹಾಕಿದ ಹಳೆಯ ಟೀವಿ ಇತ್ತು. ನಾಲ್ಕರಲ್ಲೂ ಅದೇ ಮೀನುಗಳ ಚಿತ್ರ.

“ಇಷ್ಟಕ್ಕೂ ಬೇರೆ ಬೇರೆ ಬರೀಬೇಕಾ?”

“ಮೊದ್ಲು ಹಾಂಗೇ ಮಾಡ್ತಿದ್ರು ಅಕ್ಕಾ. ಒಂದೊಂದಕ್ಕೂ ಬೇರೆ ಭಾಷೆ, ಬೇರೆ ಜನ. ಈಗ ನಾನು ಬರಿಯುದು ಒಂದೇ ಸಲ. ಆ ಒಂದೇ ಕೋಡಿಂದ ಫೋನಿಗೂ ಟೀವಿಗೂ ಬೇಕಾದ್ದು ತಯಾರಾಗ್ತದೆ. ಕೊನೆಗೆ ಒಂದೊಂದಕ್ಕೆ ಅದರದ್ದೇ ಸ್ವಲ್ಪ ಸ್ವಲ್ಪ ಸೇರ್ಸೂದು ಇರ್ತದೆ. ಟೀವಿಗೆ ಬೆರಳಲ್ಲಿ ಒತ್ತೂಕೆ ಬರುದಿಲ್ಲ, ಐಫೋನಿಗೆ ಬೇರೆ ಶಿಸ್ತು, ಹೀಂಗೆ.”

“ಅಂದ್ರೆ ನಮ್ ಮಸಾಲೆ ಹಾಂಗೆ,” ಅಂದೆ ನಾನು.

ನಾವು ಬೆಳಿಗ್ಗೆ ಕಾಯಿ, ಮೆಣಸು, ಕೊತ್ತಂಬರಿ, ಅರಿಶಿನ ಹಾಕಿ ಅರೆಯುವುದು ಒಂದೇ ಮಸಾಲೆ. ಅದನ್ನೇ ಪಾಲು ಮಾಡಿ ಬಂಗಡೆಯ ಪಾತ್ರೆಗೆ ಹಾಕಿದರೆ ನಾಲಿಗೆ ಜುಮ್ಮೆನಿಸುವ ಜುಮ್ಮನಕಾಯಿ ಜಜ್ಜಿ ಹಾಕುತ್ತೇವೆ, ಶೆಟ್ಲಿಗೆ, ಅಂದರೆ ಸಿಗಡಿಗೆ, ಈರುಳ್ಳಿ, ಇಸ್ವಣಕ್ಕೆ ಹುಣಸೆಹುಳಿ, ಮೀನು ತಿನ್ನದವರ ಪಾತ್ರೆಗೆ ಅಮಟೆಕಾಯಿ. ನಾಲ್ಕು ಪಾತ್ರೆ, ನಾಲ್ಕು ರುಚಿ, ಅರೆದದ್ದು ಒಂದೇ ಸಲ. “ಆದ್ರೆ ಒಂದ್ ನೆನಪಿಟ್ಕ,” ಎಂದೂ ಹೇಳಿದ್ದೆ, “ಮಸಾಲೆಗೆ ಉಪ್ಪು ಹೆಚ್ಚಾದ್ರೆ ನಾಕು ಪಾತ್ರೆನೂ ಹೋಯ್ತು.”

ಅವಳು ಲ್ಯಾಪ್‌ಟಾಪ್ ಬದಿಗಿಟ್ಟು ನನ್ನ ಭುಜ ಹಿಡಿದು ಅಲುಗಾಡಿಸಿದಳು. “ಅಕ್ಕಾ! ಇಷ್ಟ್ ಚಲೋ ಮಾಡಿ ನಂಗೇ ಹೇಳೂಕೆ ಬರ್ಲಿಲ್ಲ ನೋಡು!” ಆ ದಿನವೆಲ್ಲ ನಾನು ಒಲೆಯ ಮುಂದೆ ಹಾಡು ಗುನುಗುತ್ತಿದ್ದೆನಂತೆ. ಆಯಿ ಹೇಳಿದಳು.

ಮುಂದೆ ಅಂಕೋಲೆಯ ಒಂದು ಸಭಾಗೃಹದಲ್ಲಿ ಮಾಲೀಕರೆಲ್ಲ ಸೇರಿದ ದಿನ ಅವಳು ಎದ್ದು ನಿಂತು ಆಪಿನ ಬಗ್ಗೆ ಮಾತಾಡಿದಳು. ನಾನೂ ಆಯಿಯೂ ಮುಂದಿನ ಸಾಲಿನಲ್ಲಿದ್ದೆವು. ಕೋಡು, ಪರದೆ ಎಂದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ. ಹಟ್ಟಿಕೇರಿಯ ಖಾನಾವಳಿಯವರು, ದಪ್ಪ ಮೀಸೆಯ ಹಿರಿಯರು, ಆಕಳಿಸುತ್ತಿದ್ದರು. ಆಗ ಅವಳು ಅಂದಳು: “ನಮ್ಮ ಆಯಿ ದಿನಾ ಬೆಳಿಗ್ಗೆ ಒಂದು ಮಸಾಲೆ ಅರೀತಾಳೆ...”

ಪೂರ್ತಿ ಹೇಳಿದಳು. ಜುಮ್ಮನಕಾಯಿ, ಈರುಳ್ಳಿ, ಹುಣಸೆಹುಳಿ, ಅಮಟೆಕಾಯಿ, ಉಪ್ಪು ಹೆಚ್ಚಾಗುವ ಮಾತನ್ನೂ ಬಿಡಲಿಲ್ಲ. ಹಟ್ಟಿಕೇರಿಯವರು ನೆಟ್ಟಗೆ ಕೂತರು. “ಈಗ ಹೇಳ್ದೆ ನೋಡು ತಂಗೀ, ಈಗ ತಲೆಗೆ ಹೋಯ್ತು,” ಎಂದು ತೊಡೆ ತಟ್ಟಿದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನ ಹೆಂಗಸೊಬ್ಬಳು ಬಗ್ಗಿ ಆಯಿಯ ಹತ್ತಿರ “ಪುಣ್ಯ ಮಾಡಿದ್ರಿ ಬಾಯಿ, ಇಂಥ ಮಗಳು” ಅಂದಳು. ಆಯಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆಯಿ ಮಸಾಲೆ ಅರೆಯದೆ ಎಷ್ಟೋ ವರ್ಷವಾಗಿತ್ತು. ಅವಳು ಈಗ ಗಲ್ಲೆಯಲ್ಲಿ ಕೂತು ಚಿಲ್ಲರೆ ಕೊಡುತ್ತಾಳೆ, ಅಷ್ಟೇ.

ನಾನು ಕೈ ನೋಡಿಕೊಂಡೆ. ಉಗುರಿನ ಸಂದಿನಲ್ಲಿ ಅರಿಶಿನವಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಆಯಿ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಳು. ತಂಗಿ ನನ್ನ ಪಕ್ಕ ಕೂತು ಫೋನು ತೆಗೆದು ಮಾಲೀಕರ ಕಡೆಯ ಪರದೆ ತೋರಿಸಿದಳು. ಒಂದೊಂದು ಮೀನಿನ ಎದುರಿಗೆ ಎರಡು ಗುಂಡಿ. ಹಸಿರು: ‘ಇದೆ’. ಕೆಂಪು: ‘ಮುಗಿದಿದೆ’.

“ಅಕ್ಕಾ, ನಿಜ ಹೇಳು. ಮೀನು ಖಾಲಿಯಾದಾಗ ನೀನು ಈ ಕೆಂಪು ಗುಂಡಿ ಒತ್ತುತ್ಯಾ?”

ಅವಳು ಯಾಕೆ ಕೇಳಿದಳು ಎನ್ನುವುದಕ್ಕೆ ಒಂದು ಹಿಂದಿನ ಕತೆ ಇದೆ. ನಮ್ಮಲ್ಲಿ ಅನ್ನದ ಪಾತ್ರೆಯನ್ನಾಗಲಿ ಸಾರಿನ ಪಾತ್ರೆಯನ್ನಾಗಲಿ ಪೂರ್ತಿ ಬಳಿಯುವುದಿಲ್ಲ. ತಳದಲ್ಲಿ ಒಂದು ಸೌಟು ಬಿಡುತ್ತೇವೆ. ‘ಮುಗಿಯಿತು’ ಎಂದು ಬಾಯಿಬಿಟ್ಟು ಹೇಳುವುದಂತೂ ಇಲ್ಲವೇ ಇಲ್ಲ. ಉಣ್ಣಿಸುವ ಮನೆಯ ಬಾಗಿಲಲ್ಲಿ ನಿಂತು ದಾರಿದ್ರ್ಯವನ್ನು ಕೂಗಿ ಕರೆದ ಹಾಗೆ. ಪಾತ್ರೆಗೆ ಮುಚ್ಚಳ ಹಾಕಿ ಗೋಡೆಯ ಕಡೆಗೆ ಸರಿಸಿದರೆ ಆಯಿತು. ನೋಡಿದವರು ತಿಳಿದುಕೊಂಡು ಬೇರೆ ಮೀನು ಕೇಳುತ್ತಾರೆ. ತಂಗಿ ಸಣ್ಣವಳಿದ್ದಾಗ ಒಮ್ಮೆ ತುಂಬಿದ ಖಾನಾವಳಿಯ ನಡುವೆ ನಿಂತು “ಆಯಿ, ಇಸ್ವಣ ಮುಗೀತು!” ಎಂದು ಕೂಗಿಬಿಟ್ಟಳು. ಆಯಿ ಕೈಯಲ್ಲಿದ್ದ ಅಲ್ಯೂಮಿನಿಯಂ ಮುಚ್ಚಳವನ್ನು ಸಿಟ್ಟಿನಿಂದ ನೆಲಕ್ಕೆ ಅಪ್ಪಳಿಸಿದಳು. ಅದು ಒರಳುಕಲ್ಲಿನ ಅಂಚಿಗೆ ಬಡಿದು ಒಂದು ಬದಿ ತಗ್ಗಾಯಿತು. ತಂಗಿ ಹೆದರಿ ಅಕ್ಕಿಮೂಟೆಯ ಹಿಂದೆ ಅಡಗಿದಳು. ನಾನು ನಕ್ಕಿದ್ದೆ. ಆ ಮುಚ್ಚಳ ಈಗಲೂ ಇಸ್ವಣದ ಪಾತ್ರೆಯ ಮೇಲೇ ಇದೆ.

ಅವಳು ಅದನ್ನು ಮರೆತಿರಲಿಲ್ಲ. ಅದಕ್ಕೇ ಕೇಳಿದಳು. ಸರಿಯಾದ ಪ್ರಶ್ನೆ, ಸರಿಯಾದ ಹೊತ್ತಿಗೆ, ಸರಿಯಾದವಳ ಹತ್ತಿರ. ಉತ್ತರ ನನ್ನ ಬಾಯಲ್ಲಿ ತಯಾರಿತ್ತು: ಇಲ್ಲ ಮಾರಾಯ್ತಿ, ಸತ್ತರೂ ಒತ್ತುದಿಲ್ಲ, ನಾನೊಬ್ಬಳೇ ಅಲ್ಲ, ಯಾರೂ ಒತ್ತುದಿಲ್ಲ.

“ಒತ್ತುತೆ,” ಅಂದೆ. “ಈಗಿನ ಕಾಲದಲ್ಲಿ ಅದನ್ನೆಲ್ಲ ಯಾರು ನೋಡ್ತ್ರು?”

“ಹೌದಾ? ಮತ್ತೆ ಬೇರೆಯವ್ರು?”

“ಅವರೂ ಒತ್ತುತ್ರು. ನೀ ಸುಮ್ನೆ ತಲೆ ಕೆಡಿಸ್ಕಣ್ಬೇಡ.”

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಫೋನು ಚೀಲಕ್ಕೆ ಹಾಕಿದಳು. ಅವಳು ಹಾಳಾಗಲಿ ಎಂದು ನಾನು ಬಯಸಿರಲಿಲ್ಲ. ಬಂಗಡೆಯ ಸಣ್ಣ ಮುಳ್ಳು ಗಂಟಲಿಗೆ ಚುಚ್ಚಿದ ಹಾಗೆ, ಒಮ್ಮೆ, ಎಲ್ಲರ ಎದುರಿಗೆ ಅವಳು ಕೆಮ್ಮಬೇಕು, ಅಷ್ಟೇ. ಮುಳ್ಳು ಎಷ್ಟು ಆಳಕ್ಕೆ ಹೋಗುತ್ತದೆ ಎನ್ನುವುದನ್ನು ಚುಚ್ಚುವವರು ಹೇಳಲಾರರು. ಅದನ್ನು ಆಗ ಯೋಚಿಸಲಿಲ್ಲ.

ಪರೀಕ್ಷೆಯ ಭಾನುವಾರ ಬಂತು. ಬೆಳಿಗ್ಗೆ ಎಲ್ಲವೂ ಚಂದ. ಹಸಿರು ಗುಂಡಿ ಒತ್ತಲು ಯಾರಿಗೂ ಬೇಸರವಿಲ್ಲ. ಇದೆ, ಇದೆ, ಇದೆ ಎಂದು ಕಾರವಾರದಿಂದ ಅಂಕೋಲೆಯ ತನಕ ಎಲ್ಲರೂ ಒತ್ತಿದರು. ನಮ್ಮ ಗೋಡೆಯ ಟೀವಿಯಲ್ಲಿ ಇಸ್ವಣ, ಬಂಗಡೆ, ಶೆಟ್ಲಿ, ನೊಗಲಿ ಬಣ್ಣಬಣ್ಣದಲ್ಲಿ ಬಂದವು. ಗಿರಾಕಿಗಳು ಟೀವಿಯ ಫೋಟೋ ಹೊಡೆದುಕೊಂಡರು. ತಂಗಿ ಮೂಲೆಯ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಹೊಸ ಸೀರೆ ಉಟ್ಟಿದ್ದಳು. ಈಗಲಾದರೂ ಹೋಗಿ ಹೇಳು ಎಂದು ಒಂದು ಮನಸ್ಸು. ಸೀರೆ ನೋಡು ಎಂದು ಇನ್ನೊಂದು.

ಊಟದ ಹೊತ್ತು ಏರಿದ ಮೇಲೆ ಇಸ್ವಣ ತಳಕ್ಕೆ ಬಂತು. ನಾನು ಒಂದು ಸೌಟು ಬಿಟ್ಟು, ಮುಚ್ಚಳ ಹಾಕಿ, ಪಾತ್ರೆಯನ್ನು ಗೋಡೆಯ ಕಡೆ ಸರಿಸಿದೆ. ಫೋನು ಒಲೆಯ ಕಟ್ಟೆಯ ಮೇಲೇ ಇತ್ತು. ಮುಟ್ಟಲಿಲ್ಲ. ಬೇಕೆಂದು ಮುಟ್ಟದೆ ಇದ್ದೆನೆ? ಇಲ್ಲ. ಅವಳಿಗೆ ಸುಳ್ಳು ಹೇಳಿದ್ದರೂ ನನ್ನ ಕೈ ನಿಜವನ್ನೇ ಮಾಡಿತು. ಆ ಕೆಂಪು ಗುಂಡಿಯ ಕಡೆಗೆ ಅದು ಹೋಗಲೇ ಇಲ್ಲ. ತಲೆಯೆತ್ತಿದಾಗ ತಂಗಿ ನನ್ನನ್ನೇ ನೋಡುತ್ತಿದ್ದಳು. ಮುಚ್ಚಳ ನೋಡಿದಳು. ಟೀವಿ ನೋಡಿದಳು. ಟೀವಿಯಲ್ಲಿ ಇಸ್ವಣ ಹಸಿರಾಗಿಯೇ ಇತ್ತು. ಮತ್ತೆ ನನ್ನನ್ನು ನೋಡಿದಳು.

ಅಷ್ಟರಲ್ಲಿ ಅಂಕೋಲೆಯಿಂದ ಕಾರಿನಲ್ಲಿ ಒಂದು ಸಂಸಾರ ಬಂತು. ಗಂಡಸು ಕೂರುವ ಮೊದಲೇ “ಐದು ಇಸ್ವಣ ಊಟ” ಅಂದ.

“ಬಂಗಡೆ ತಿನ್ನಿ, ತಾಜಾ ಅದೆ,” ಅಂದೆ.

“ಬಂಗಡೆ ಬೇಡ ವೈನಿ. ಇಸ್ವಣ ಅದೆ ಅಂತ ನೋಡ್ಕಂಡೇ ಬಂದದ್ದು.” ಐಫೋನ್ ಎತ್ತಿ ತೋರಿಸಿದ. “ಇದ್ರಲ್ಲೂ ಅದೆ. ನನ್ ಹೆಂಡ್ತಿ ಫೋನಲ್ಲೂ ಅದೆ. ನಿಮ್ ಗೋಡೆ ಮೇಲೂ ಅದೆ. ಪಾತ್ರೇಲಿ ಮಾತ್ರ ಇಲ್ವಾ?”

ಬೆಂಚಿನವರು ನಕ್ಕರು. ಒಬ್ಬ ಮುದುಕ, ದಿನಾ ಬರುವವ, “ಫೋನನ್ನೇ ಹುರ್ದು ಹಾಕಿ ವೈನಿ” ಎಂದ. ಆ ಸಂಸಾರ ಎದ್ದು ಹೋಯಿತು.

ನಂತರ ತಂಗಿಯ ಫೋನು ಸುಮ್ಮನಿರಲಿಲ್ಲ. ಎಲ್ಲ ಕಡೆಯೂ ಇದೇ ಕತೆ. ಮೀನು ಖಾಲಿಯಾಗಿದೆ, ಯಾರೂ ಒತ್ತಿಲ್ಲ, ಜನ ಮಾತ್ರ ಬರುತ್ತಲೇ ಇದ್ದಾರೆ. ಹಟ್ಟಿಕೇರಿಯವರ ದನಿ ನನಗೂ ಕೇಳುವಷ್ಟು ದೊಡ್ಡದಿತ್ತು.

“ಕಾಕಾ, ಆ ಕೆಂಪು ಗುಂಡಿ ಒತ್ತಿ.”

“ಭಾನುವಾರದ ದಿನ, ನನ್ ಕೈಯಾರೆ? ನೀನೇ ಎಲ್ಲಿಂದಾರೂ ಒತ್ತಿ ಸಾಯ್ಸು ತಂಗೀ, ನನ್ ಕೈಲಿ ಮಾಡಿಸ್ಬೇಡ!”

ಅವಳು ಎಲ್ಲಿಂದ ಒತ್ತುವುದು? ಯಾರ ಪಾತ್ರೆಯಲ್ಲಿ ಎಷ್ಟಿದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಉಪ್ಪು ಹೆಚ್ಚಾದ ಮಸಾಲೆ ನಾಲ್ಕು ಪಾತ್ರೆಗೂ ಹೋದ ಹಾಗೆ ಒಂದೇ ಸುಳ್ಳು ನಾಲ್ಕು ಪರದೆಗೂ ಹೋಗಿತ್ತು. ಅವಳು ಕೆಮ್ಮಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಎದ್ದು ಹೋಗಿ ಟೀವಿ ಆರಿಸಿ, ಕೈ ತೊಳೆಯುವ ಕಡೆ ಹೋಗಿ ನಿಂತಳು. ಬೆನ್ನು ಮಾತ್ರ ಕಾಣುತ್ತಿತ್ತು. ಹೊಸ ಸೀರೆಯ ಸೆರಗು ನೀರಿನಲ್ಲಿ ನೆನೆಯುತ್ತಿತ್ತು, ಅವಳಿಗೆ ಗೊತ್ತಾಗಲಿಲ್ಲ. ನಾನು ಬೇಡಿಕೊಂಡದ್ದು ನನಗೆ ಸಿಕ್ಕಿತ್ತು. ಅದು ಹೇಗಿತ್ತೆಂದರೆ, ಹಸಿವಿದ್ದಾಗ ತಣ್ಣಗಿನ ಎಣ್ಣೆ ಕುಡಿದ ಹಾಗಿತ್ತು.

ಸೋಮವಾರ ಮೀನಿನ ವ್ಯಾಪಾರ ಕಡಿಮೆ, ಹಾಗಾಗಿ ಮಾಲೀಕರು ಅಂದೇ ಅಂಕೋಲೆಯಲ್ಲಿ ಸೇರಿದರು. ಅದೇ ಸಭಾಗೃಹ, ಅದೇ ಮುಂದಿನ ಸಾಲು.

“ತಂಗೀ, ನಿನ್ ಆಪಲ್ಲಿ ಮೀನು ಸಾಯೂದೇ ಇಲ್ಲ ಕಾಣ್ತದೆ,” ಅಂದರು ಹಟ್ಟಿಕೇರಿಯವರು. “ನಿನ್ನೆ ಗಿರಾಕಿ ನಂಗೆ ಕಳ್ಳ ಅಂದ. ನನ್ ಜನ್ಮದಲ್ಲಿ ಯಾರೂ ಅಂದಿರ್ಲಿಲ್ಲ.”

“ಪಣಜಿಯವ್ರಿಗೇ ಕೊಡುವ,” ಅಂದರು ಇನ್ನೊಬ್ಬರು.

ತಂಗಿ ಎದ್ದಳು. “ತಪ್ಪು ನಂದು ಕಾಕಾ. ಮುಗಿದಿದೆ ಅಂತ ನಮ್ಮಲ್ಲಿ ಯಾರೂ ಹೇಳುದಿಲ್ಲ. ಗುಂಡಿ ಇಡೂಕಿಂತ ಮೊದ್ಲು ನಿಮ್ಮನ್ನೆಲ್ಲ ಕೇಳ್ಬೇಕಿತ್ತು. ಯಾರನ್ನೂ ಕೇಳ್ಲಿಲ್ಲ. ಮುಂದಿನ ಭಾನುವಾರ ಮತ್ತೊಂದ್ಸಲ ನೋಡಿ. ಆಗ್ಲೂ ಆಗ್ಲಿಲ್ಲ ಅಂದ್ರೆ ನಾನೇ ಪಣಜಿಯವ್ರಿಗೆ ಎಲ್ಲಾ ಬಿಟ್ಕೊಡ್ತೆ.”

ಯಾರನ್ನೂ ಕೇಳಲಿಲ್ಲ ಎಂದಳು. ನಾನು ಅವಳಿಂದ ಒಂದು ಮಾರು ದೂರದಲ್ಲಿ ಕೂತಿದ್ದೆ. ಎದ್ದು “ನನ್ನನ್ನು ಕೇಳಿದ್ದಳು” ಎನ್ನಲು ಎರಡು ಶಬ್ದ ಸಾಕಿತ್ತು. ಆಯಿ ನನ್ನ ಮೊಣಕೈ ತಿವಿದು “ಪಾಪ, ಹುಡ್ಗಿ ಮುಖ ನೋಡು” ಅಂದಳು. ನಾನು ನೋಡಲಿಲ್ಲ. ಮಾಲೀಕರು ಗೊಣಗುತ್ತ ಒಪ್ಪಿದರು.

ಮರುದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ಮೀನು ಸೋಸುತ್ತ ಕೂತಿದ್ದೆ. ಅವಳು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತು ಬಂಗಡೆಯ ಕಿವಿರು ತೆಗೆಯತೊಡಗಿದಳು. ಅವಳು ಮೀನು ಸೋಸುವುದು ಈಗಲೂ ಕೆಟ್ಟದಾಗಿ. ಅರ್ಧ ಮಾಂಸ ಕಿವಿರಿನ ಜೊತೆಗೇ ಬರುತ್ತದೆ. ಕತ್ತಿ ಕೆಳಗಿಟ್ಟು ಹೇಳಿದೆ.

“ಬಸ್ಸಲ್ಲಿ ನಾನು ಸುಳ್ಳು ಹೇಳ್ದೆ. ಬೇಕಂತಲೇ.”

“ಗೊತ್ತು.”

“ಯಾವಾಗ ಗೊತ್ತಾಯ್ತು? ಭಾನುವಾರ ಮುಚ್ಚಳ ನೋಡ್ದಾಗಾ?”

“ಬಸ್ಸಲ್ಲೇ ಗೊತ್ತಾಯ್ತು. ನೀನು ಹುಟ್ಟಿದಾಗಿಂದ ಯಾವ್ದಕ್ಕಾದ್ರೂ ಅಷ್ಟ್ ಬೇಗ ಹೂಂ ಅಂದಿದ್ಯಾ?”

“ಮತ್ತೆ ಎಂಥಕೆ ಸುಮ್ನಿದ್ದೆ?”

ಅವಳು ಕೈಯಲ್ಲಿದ್ದ ಬಂಗಡೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. “ನಂಗೆ ಹೂಂ ಬೇಕಿತ್ತು ಅಕ್ಕಾ. ಇಲ್ಲ ಅಂದಿದ್ರೆ ಮತ್ತೆ ಎಲ್ಲಾ ಬದ್ಲಾಯ್ಸಿ, ನಾಕು ಕಡೆ ಪರೀಕ್ಷೆ ಮಾಡ್ಬೇಕಿತ್ತು. ಐಫೋನ್ ಕಂಪನಿಯವ್ರು ನೋಡಿ ಒಪ್ಪೂಕೇ ಎಷ್ಟೋ ಹೊತ್ತು ಹೋಗ್ತದೆ. ನೀ ಸುಳ್ಳು ಹೇಳ್ತಿದ್ದಿ ಅಂತ ಗೊತ್ತಿತ್ತು. ಆ ಸುಳ್ಳು ನಂಗೂ ಬೇಕಾಗಿತ್ತು.” ಬಂಗಡೆಯನ್ನು ನೀರಿಗೆ ಹಾಕಿ, “ಮಸಾಲೆದು ನಿನ್ ಮಾತು ಅಂತ ಹೇಳ್ಬೇಕಿತ್ತು. ಬಾಯಿಗೆ ಆಯಿ ಅಂತ ಬಂದ್ಬಿಡ್ತು. ಅದಕ್ಕೇ ಸಿಟ್ಟಾ?”

“ಅದೊಂದಕ್ಕೇ ಅಲ್ಲ,” ಅಂದೆ. ಮತ್ತೆ ಕತ್ತಿ ಎತ್ತಿಕೊಂಡೆ.

ತಪ್ಪೊಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗಾಗಲಿಲ್ಲ. ಎರಡು ದಿನ ನಿದ್ದೆಯಿಲ್ಲದೆ ಹೊತ್ತುಕೊಂಡಿದ್ದ ತಪ್ಪು ಅದು. ನನ್ನ ಪಾಲಿಗೆ ಪೂರ್ತಿಯಾಗಿ ಬಂದ ವಸ್ತುಗಳು ಜೀವನದಲ್ಲಿ ಹೆಚ್ಚಿಲ್ಲ. ಅದರಲ್ಲೂ ಅವಳು ಬಂದು ಅರ್ಧ ಕೇಳಿದಳು, ಅದೂ ಇಷ್ಟು ಸಲೀಸಾಗಿ. ಸಭೆಯಲ್ಲಿ ಎದ್ದು ನಿಂತು ಹೇಳಿದವಳು ಅವಳು. ಹಿತ್ತಲಲ್ಲಿ, ಯಾರೂ ಇಲ್ಲದಾಗ, ಮೀನಿನ ಹೊಟ್ಟೆ ಬಗೆಯುತ್ತ ಹೇಳಿದವಳು ನಾನು. ತಪ್ಪು ಒಪ್ಪಿಕೊಳ್ಳುವುದರಲ್ಲೂ ಅವಳೇ ಮುಂದೆ. ಇದನ್ನು ಯೋಚಿಸಿ ಮತ್ತೆ ಹೊಟ್ಟೆ ಉರಿಯಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಎರಡೂ ಒಟ್ಟಿಗೇ ಇದ್ದವು.

“ಏಳು,” ಅಂದಳು ಅವಳು ಕೈ ತೊಳೆದು. “ನಿನ್ ಮುಚ್ಚಳ ಕೊಡು.”

ಇಸ್ವಣದ ಪಾತ್ರೆಯ ಮುಚ್ಚಳವನ್ನು ಬೆಳಕಿಗೆ ತಂದು, ಕಲ್ಲಿನ ಮೇಲಿಟ್ಟು, ಫೋಟೋ ತೆಗೆದಳು. ತಗ್ಗು ಕಾಣಬಾರದೆಂದು ನಾನು ತಿರುಗಿಸಿ ಇಟ್ಟೆ. ಅವಳು ಮತ್ತೆ ತಿರುಗಿಸಿ ಮೊದಲಿನಂತೆ ಇಟ್ಟಳು. ಅದನ್ನು ನೋಡಿ ಚಿತ್ರ ಬರೆದಳು. ಕೆಂಪು ಗುಂಡಿಯನ್ನೂ ಅದರ ಮೇಲಿನ ಅಕ್ಷರವನ್ನೂ ತೆಗೆದುಹಾಕಿದಳು. ಈಗ ಮೀನಿನ ಚಿತ್ರವನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಮೇಲಿನಿಂದ ಒಂದು ಮುಚ್ಚಳ ಇಳಿದು ಅದನ್ನು ಮುಚ್ಚುತ್ತದೆ. ಯಾರೂ ಏನೂ ಹೇಳಬೇಕಾಗಿಲ್ಲ.

ಈ ಸಲ ಅವಳು ನನ್ನನ್ನು ಮಾತಿನಲ್ಲಿ ಕೇಳಲಿಲ್ಲ. ಫೋನನ್ನು ಒಲೆಯ ಕಟ್ಟೆಯ ಮೇಲಿಟ್ಟು ದೂರ ಹೋಗಿ ನಿಂತಳು. ಶೆಟ್ಲಿ ತಳಕ್ಕೆ ಬಂದಾಗ ನಾನು ಪಾತ್ರೆಗೆ ತಟ್ಟೆ ಮುಚ್ಚಿದೆ, ಫೋನಿಗೆ ಬೆರಳು ತಾಗಿಸಿದೆ. ಎರಡೂ ಒಂದೇ ಕೆಲಸದ ಹಾಗೆ ಆಯಿತು. ಅವಳು ನೋಡಿ ತಲೆಯಾಡಿಸಿದಳು. ಬಸ್ಸು ಹತ್ತಿ ಹಟ್ಟಿಕೇರಿಗೂ ಹೋಗಿ, ಆ ಮೀಸೆಯ ಕಾಕಾನ ಒಲೆಯ ಹತ್ತಿರವೂ ನಿಂತು ನೋಡಿಬಂದಳು.

ಬದಲಾಯಿಸಿದ್ದು ಒಂದೇ ಕಡೆ. ಟೀವಿಯಲ್ಲಿ, ಲ್ಯಾಪ್‌ಟಾಪಿನಲ್ಲಿ, ಆಂಡ್ರಾಯ್ಡ್ ಫೋನುಗಳಲ್ಲಿ ಬೇಗ ಬಂತು. ಐಫೋನಿಗೆ ಶನಿವಾರ ಸಂಜೆ ಬಂತು. ಆ ದಿನ ಅಲ್ಲಿಯ ತನಕ ಅವಳು ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ. ನಾನು ಉಣ್ಣದ್ದನ್ನು ಯಾರೂ ಗಮನಿಸಲಿಲ್ಲ ಎಂದು ಬರೆಯಲು ಹೊರಟಿದ್ದೆ. ಅವಳು ಗಮನಿಸಿದ್ದಳು. ಎರಡು ತಾಟು ಹಾಕಿಕೊಂಡು ಬಂದವಳು ಅವಳೇ.

ಎರಡನೇ ಭಾನುವಾರ ಊಟದ ಹೊತ್ತು ಇಳಿಯುತ್ತಿದ್ದಂತೆ ಮುಚ್ಚಳಗಳು ಬೀಳತೊಡಗಿದವು. ಕಾರವಾರದಲ್ಲೊಂದು, ಅಂಕೋಲೆಯಲ್ಲಿ ಎರಡು, ಭಾವಿಕೇರಿಯ ಕಡೆ ಒಂದು. ನಮ್ಮ ಟೀವಿಯಲ್ಲಿ ಎಲ್ಲವೂ ಕಾಣುತ್ತಿತ್ತು. ಎಲ್ಲಕ್ಕೂ ಬಲಬದಿಯಲ್ಲಿ ಅದೇ ತಗ್ಗು. ಹಟ್ಟಿಕೇರಿಯವರು ಫೋನು ಮಾಡಿದರು. ತಂಗಿ ಅದನ್ನು ಸ್ಪೀಕರಿಗೆ ಹಾಕಿದಳು.

“ತಂಗೀ, ಮುಚ್ಚಳ ಚಲೋ ಬೀಳ್ತದೆ. ಬರೀ ಮುಚ್ಚೂ ಮೋಜಿಗೆ ನನ್ ಮೊಮ್ಮಗ ಇದ್ದ ಮೀನಿಗೂ ಹಾಕಿಬಿಟ್ಟಿದ್ದ, ತೆಗ್ಸಿದೆ. ಆದ್ರೆ ಅಷ್ಟ್ ಓದಿದ್ಯಲ್ಲ, ಒಂದು ಹೊಸ ಮುಚ್ಚಳ ಸಿಗ್ಲಿಲ್ವಾ ನಿಂಗೆ?”

“ಇದು ನಮ್ಮ ಅಕ್ಕಂದು ಕಾಕಾ. ಇದೇ ಇರ್ಲಿ.”

“ಇರ್ಲಿ ಇರ್ಲಿ. ಪಣಜಿಯವ್ರಿಗೆ ಬರೂದು ಬೇಡ ಅಂತ ಹೇಳ್ತೆ.”

ಬೆಂಚಿನವರು ಟೀವಿ ನೋಡಿದರು, ಒಲೆಯ ಕಡೆ ತಿರುಗಿ ಮುಚ್ಚಳ ನೋಡಿದರು, ಕೊನೆಗೆ ನನ್ನ ಮುಖ ನೋಡಿದರು. ನನಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನೀರಿನ ಚೊಂಬು ಹಿಡಿದುಕೊಂಡು ಒಳಗೆ ಹೋದೆ. ಅಕ್ಕಂದು ಎಂದಳು ನಿಜ. ಆದರೆ ಆ ತಗ್ಗು ಬಿದ್ದದ್ದು ಅವಳು ಬೈಸಿಕೊಂಡ ದಿನ. ಅದು ಅವಳದೂ ಹೌದು. ಅದನ್ನು ಪೂರ್ತಿ ನನಗೇ ಕೊಟ್ಟದ್ದು ಅವಳ ದೊಡ್ಡತನ ಎಂದು ತಿಳಿಯುವಷ್ಟು ಬುದ್ಧಿ ನನಗಿದೆ. ಸಂತೋಷಪಡುವಷ್ಟು ಮನಸ್ಸು ಇನ್ನೂ ಬಂದಿಲ್ಲ.

ಎಲ್ಲರೂ ಹೋದ ಮೇಲೆ ನಾವು ಮೂವರು ಊಟಕ್ಕೆ ಕೂತೆವು. ಮನೆಯವರಿಗೆಂದು ಇಸ್ವಣದ ತಲೆ, ನಡುತುಂಡು, ಬಾಲದ ತುಂಡು ತೆಗೆದಿಟ್ಟಿದ್ದೆ. ಆಯಿ ರೂಢಿಯಂತೆ ತಲೆಯನ್ನು ಸೌಟಿನಲ್ಲಿ ಎತ್ತಿ ನನ್ನ ತಾಟಿನ ಕಡೆ ತಂದಳು.

“ನಿಲ್ಲು ಆಯಿ,” ಅಂದಳು ತಂಗಿ. “ಅವಳಿಗೆ ತಲೆ ಇಷ್ಟನಾ ಅಂತ ಕೇಳು.”

“ಕೇಳೂದೆಂಥದು? ಸಣ್ಣ ಇರುವಾಗಿಂದ ಅದ್ನೇ ತಿಂತಾಳೆ.”

“ಹಾಂಗಾದ್ರೆ ನಾ ಕೇಳ್ತೆ. ಅಕ್ಕಾ, ನಿಜ ಹೇಳು. ನಿಂಗೆ ತಲೆ ಇಷ್ಟನಾ?”

ಬಸ್ಸಿನಲ್ಲಿ ಕೇಳಿದ ದನಿಯೇ ಅದು. ನಾನು ಈ ಸಲ ಅವಸರ ಮಾಡಲಿಲ್ಲ.

“ಇಲ್ಲ,” ಅಂದೆ. “ಯಾವತ್ತೂ ಇರ್ಲಿಲ್ಲ.”

ಆಯಿಯ ಸೌಟು ಗಾಳಿಯಲ್ಲೇ ನಿಂತಿತು. “ಮತ್ತೆ ಇಷ್ಟ್ ವರ್ಷ ಎಂಥಕೆ ತಿಂದ್ಯೇ, ಮಳ್ಳೀ?”

ನಡುತುಂಡು ನನ್ನ ತಾಟಿಗೆ ಬಂತು, ತಲೆ ತಂಗಿಯ ತಾಟಿಗೆ ಹೋಯಿತು. ಅವಳು ಅದನ್ನು ಎರಡು ಕೈಯಲ್ಲಿ ಹಿಡಿದು, ಕೆನ್ನೆಯ ಮೆತ್ತನೆ ಮಾಂಸವನ್ನು ಬೆರಳಿನಿಂದ ಹುಡುಕಿ ತೆಗೆದು ಬಾಯಿಗೆ ಹಾಕಿಕೊಂಡು ಕಣ್ಣು ಅರಳಿಸಿದಳು. “ಅಕ್ಕಾ! ಇಷ್ಟ್ ದಿನ ಇದ್ನ ನೀನೊಬ್ಳೇ ತಿಂತಿದ್ಯಾ?”

ನಡುತುಂಡು ಚೆನ್ನಾಗಿಯೇ ಇತ್ತು. ಆದರೂ ನನ್ನ ಕಣ್ಣು ಅವಳ ತಾಟಿನ ಮೇಲೇ ಇತ್ತು.